ಝೋನ್ ಮುಚ್ಚಿಡುವ ತೂತುಗಳು: ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ಡಿಫೆನ್ಸ್ ಕಟ್ಟುವ ಸಮಗ್ರ ಮಾರ್ಗದರ್ಶಿ

ದಾವಣಗೆರೆ, ಚಿತ್ರದುರ್ಗದ ಅಂತರ ಕಾಲೇಜು ಪಂದ್ಯಗಳಲ್ಲಿ ಬಹಳಷ್ಟು ತಂಡಗಳು ಮೊದಲ ನಿಮಿಷದಿಂದ ಕೊನೆಯ ವಿಷಲ್‌ವರೆಗೆ ಆಡುವುದು ಒಂದೇ ಡಿಫೆನ್ಸ್: 2-3 ಝೋನ್, ಅಂದರೆ ಪ್ರತಿಯೊಬ್ಬರೂ ಒಬ್ಬ ಎದುರಾಳಿಯನ್ನಲ್ಲ, ಒಂದು ಜಾಗವನ್ನು ಕಾಯುವುದು. ಮುಂದೆ ಇಬ್ಬರು, ರಿಂಗಿನ ಹತ್ತಿರ ಮೂವರು, ಎಲ್ಲರ ಕೈ ಮೇಲೆ. ಇಲ್ಲಿ ಅದು ಗೆಲ್ಲಿಸುವುದೂ ನಿಜ. ಅಂಕಣ ಬಯಲಿನಲ್ಲಿರುತ್ತದೆ, ಸಿಮೆಂಟು ನೆಲದ ಮೇಲೆ ಸಣ್ಣ ದೂಳು ಕೂತಿರುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯೇ ಮೂರು ಪಾಯಿಂಟಿನ ಶಾಟನ್ನೂ ಪಕ್ಕಕ್ಕೆ ತಳ್ಳುತ್ತದೆ. ಹೊರಗಿನಿಂದ ಎದುರಾಳಿಗೆ ಶಾಟ್ ಬೀಳದ ದಿನ ಒಳಗೆ ಗುಂಪಾಗಿ ನಿಂತವರಿಗೆ ಪಂದ್ಯ ಸುಲಭ.

ಇದೇ ಹುಡುಗರು ದಾವಣಗೆರೆ ವಿಶ್ವವಿದ್ಯಾಲಯದ ಅಥವಾ ವಿಟಿಯು ಜೆರ್ಸಿ ತೊಟ್ಟು ಒಳಾಂಗಣದ ಮರದ ನೆಲದ ಮೇಲೆ ದಕ್ಷಿಣ ವಲಯದ ಪಂದ್ಯಕ್ಕೆ ಇಳಿದಾಗ ಕಥೆ ಬದಲಾಗುತ್ತದೆ. ಗಾಳಿ ಇಲ್ಲ, ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ, ಎದುರು ತಂಡದಲ್ಲಿ ಮೂರ್ನಾಲ್ಕು ಜನ ಹೊರಗಿನಿಂದ ನಿರಾಯಾಸವಾಗಿ ಹೊಡೆಯುತ್ತಾರೆ. ಆಗ ಝೋನ್ ಬಿಟ್ಟು, ಒಬ್ಬೊಬ್ಬರು ಒಬ್ಬೊಬ್ಬ ಎದುರಾಳಿಯನ್ನು ಕಾಯುವ ಮ್ಯಾನ್-ಟು-ಮ್ಯಾನ್‌ಗೆ ಹೋಗಲು ನಮ್ಮವರಿಗೆ ಬರುವುದಿಲ್ಲ, ಏಕೆಂದರೆ ಅದನ್ನು ಕಲಿತೇ ಇಲ್ಲ. ಆದ್ದರಿಂದ ನನ್ನ ಸಲಹೆ ನೇರವಾಗಿದೆ: ಮೊದಲು ಮ್ಯಾನ್-ಟು-ಮ್ಯಾನ್ ಕಲಿಸಿ, ಅದರ ಮೇಲೆ ಝೋನ್ ಕಟ್ಟಿ. ಒಬ್ಬರನ್ನು ಒಬ್ಬರು ತಡೆಯಬಲ್ಲ ಐವರು ಆಡುವ ಝೋನ್ ಗಟ್ಟಿಯಾಗಿರುತ್ತದೆ. ತಡೆಯಲಾಗದ ಐವರು ಆಡುವ ಝೋನ್ ತಮ್ಮ ದೌರ್ಬಲ್ಯವನ್ನು ಒಳ್ಳೆಯ ಎದುರಾಳಿ ಸಿಗುವವರೆಗೆ ಮುಚ್ಚಿಡುತ್ತದೆ, ಅಷ್ಟೇ.

ಕಾಲೇಜು ತಂಡದ ನಾಯಕರು, ಅಭ್ಯಾಸ ನಡೆಸುವ ಹಿರಿಯ ಆಟಗಾರರು ಮತ್ತು ಬ್ಯಾಸ್ಕೆಟ್‌ಬಾಲ್ ಆಡದೆಯೇ ಆ ತಂಡದ ಜವಾಬ್ದಾರಿ ಹೊತ್ತಿರುವ ದೈಹಿಕ ಶಿಕ್ಷಣ ನಿರ್ದೇಶಕರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ.

ಹೆಜ್ಜೆ 1: ಟೇಪು ಹಿಡಿದು ಅಂಕಣ ಅಳೆಯಿರಿ

ನಿಮ್ಮ ಅಂಕಣದಲ್ಲಿ ರಿಂಗಿನ ಕೆಳಗಿನ ಪೇಂಟ್ ಜಾಗ ಆಯತಾಕಾರದಲ್ಲಿದೆಯೋ, ರಿಂಗಿನ ಹಿಂದಿನ ಬೇಸ್‌ಲೈನ್ ಕಡೆ ಅಗಲವಾಗುತ್ತ ಬರುವ ಹಳೆಯ ಆಕಾರದಲ್ಲಿದೆಯೋ ನೋಡಿ. ಹಳೆಯ ಆಕಾರವಿದ್ದರೆ ಗೆರೆಗಳು 2010ಕ್ಕಿಂತ ಹಿಂದಿನ ನಿಯಮದವು. ಆಗ ಮೂರು ಪಾಯಿಂಟಿನ ಗೆರೆ 6.25 ಮೀಟರ್ ದೂರದಲ್ಲಿತ್ತು, ಈಗ 6.75 ಮೀಟರ್. ಮೂಲೆಯಲ್ಲಿ ಆ ಗೆರೆ ಸೈಡ್‌ಲೈನಿನಿಂದ 0.90 ಮೀಟರ್ ಒಳಗಿರಬೇಕು. ಹಳೆಯ ಗೆರೆ ನೋಡಿಕೊಂಡು ಝೋನ್ ಅಭ್ಯಾಸ ಮಾಡಿದ ತಂಡ ಹೊಸ ಅಂಕಣದಲ್ಲಿ ಪ್ರತಿ ಶೂಟರ್‌ನಿಂದ ಅರ್ಧ ಮೀಟರ್ ದೂರ ನಿಲ್ಲುತ್ತದೆ. ಒಳ್ಳೆಯ ಶೂಟರ್‌ಗೆ ಅಷ್ಟು ಜಾಗ ಸಾಕು. ಹೊಸದಾಗಿ ಬಣ್ಣ ಹೊಡೆಸಲು ಕಾಲೇಜಿನಿಂದ ಹಣ ಬರುವವರೆಗೆ ಸುಣ್ಣದಲ್ಲೋ ಚಾಕ್‌ಪೀಸಿನಲ್ಲೋ ಸರಿಯಾದ ಗೆರೆ ಎಳೆದುಕೊಳ್ಳಿ.

ಅಭ್ಯಾಸಕ್ಕೆ ಮುಂಚೆ ಅಂಕಣ ಗುಡಿಸುವುದನ್ನೂ ತಪ್ಪಿಸಬೇಡಿ. ದೂಳಿನ ಮೇಲೆ ಪಕ್ಕಕ್ಕೆ ಸರಿಯುವ ಕಾಲು ಜಾರುತ್ತದೆ. ಜಾರುತ್ತದೆಂಬ ಭಯ ಹೊಕ್ಕ ಹುಡುಗ ಮೊಣಕಾಲು ಬಗ್ಗಿಸುವುದನ್ನೇ ಬಿಡುತ್ತಾನೆ.

ಹೆಜ್ಜೆ 2: ಪಾಯಿಂಟ್ ಎಲ್ಲಿಂದ ಬಂತು ಎಂದು ಬರೆದಿಡಿ

“ನಮ್ಮ ಡಿಫೆನ್ಸ್ ವೀಕ್ ಇದೆ” ಅನ್ನುವ ಮಾತಿನಿಂದ ಏನೂ ಸುಧಾರಿಸುವುದಿಲ್ಲ. ಎಲ್ಲಿ ವೀಕ್ ಎಂಬುದು ಕಾಗದದ ಮೇಲೆ ಬರಬೇಕು. ಬೆಂಚಿನಲ್ಲಿ ಕೂತ ಒಬ್ಬರ ಕೈಗೆ ನೋಟ್‌ಬುಕ್ ಕೊಡಿ. ಎದುರಾಳಿಯ ಪ್ರತಿ ಬ್ಯಾಸ್ಕೆಟ್ ಯಾವ ದಾರಿಯಲ್ಲಿ ಬಂತು ಎಂದು ಅವರು ಗುರುತು ಹಾಕುತ್ತ ಹೋಗಲಿ: ನಾವು ಹಿಂದಕ್ಕೆ ಬರುವ ಮೊದಲೇ ಓಡಿ ಹಾಕಿದ್ದು, ಡ್ರಿಬಲ್ ಮಾಡಿ ಒಳನುಗ್ಗಿ ಹಾಕಿದ್ದು, ಫ್ರೀಥ್ರೋ ಗೆರೆಯ ಹತ್ತಿರ ಹೈ ಪೋಸ್ಟ್‌ನಲ್ಲಿ ಚೆಂಡು ಸಿಕ್ಕಿ ಆಗಿದ್ದು, ಹೊರಗಿನ ಶಾಟ್, ಅವರದೇ ಮಿಸ್ ಶಾಟಿನ ರಿಬೌಂಡ್ ಹಿಡಿದು ಹಾಕಿದ್ದು, ಫ್ರೀಥ್ರೋ. ಅಂಕಣದ ಮೂಲೆಯಲ್ಲಿ ಒಂದು ಮೊಬೈಲನ್ನು ಎತ್ತರದಲ್ಲಿಟ್ಟು ಚಿತ್ರೀಕರಿಸಿದರೆ ಇನ್ನೂ ಒಳ್ಳೆಯದು.

ಇದರ ಜೊತೆ ಒಂದು ಲೆಕ್ಕ ಕಲಿಯಿರಿ. ಚೆಂಡು ಒಂದು ತಂಡದ ಕೈಗೆ ಬಂದಾಗಿನಿಂದ ಎದುರು ತಂಡಕ್ಕೆ ಹೋಗುವವರೆಗಿನ ಆಟವನ್ನು ಒಂದು ಸರದಿ ಅನ್ನೋಣ. ಎದುರಾಳಿಯ ಒಟ್ಟು ಶಾಟ್‌ಗಳಿಂದ ಅವರ ಆಕ್ರಮಣದ ರಿಬೌಂಡ್ ಕಳೆಯಿರಿ, ಟರ್ನೋವರ್ (ಶಾಟ್ ಹೊಡೆಯದೆ ಚೆಂಡು ಕಳೆದುಕೊಂಡದ್ದು) ಕೂಡಿಸಿ, ಅವರು ಎಸೆದ ಫ್ರೀಥ್ರೋಗಳನ್ನು 0.44ರಿಂದ ಗುಣಿಸಿ ಅದನ್ನೂ ಕೂಡಿಸಿ. ಸುಮಾರಾಗಿ ಸರದಿಗಳ ಸಂಖ್ಯೆ ಬರುತ್ತದೆ. ಉದಾಹರಣೆಗೆ 60 ಶಾಟ್, 12 ಆಕ್ರಮಣದ ರಿಬೌಂಡ್, 18 ಟರ್ನೋವರ್, 20 ಫ್ರೀಥ್ರೋ ಇದ್ದರೆ 60 − 12 + 18 + 8.8, ಅಂದರೆ ಹೆಚ್ಚುಕಡಿಮೆ 75 ಸರದಿ. ಅವರು 63 ಪಾಯಿಂಟ್ ಹೊಡೆದಿದ್ದರೆ ಸರದಿಗೆ 0.84. ಪಂದ್ಯ ವೇಗವಾಗಿ ಸಾಗಿದ್ದರಿಂದ ಹೆಚ್ಚು ಪಾಯಿಂಟ್ ಹೋಯಿತೋ, ಡಿಫೆನ್ಸ್ ಕುಸಿದಿದ್ದರಿಂದ ಹೋಯಿತೋ ಎಂಬುದನ್ನು ಸ್ಕೋರ್‌ಬೋರ್ಡ್ ಹೇಳುವುದಿಲ್ಲ, ಈ ಸಂಖ್ಯೆ ಹೇಳುತ್ತದೆ. ಝೋನ್ ಆಡಿದ ಸರದಿಗಳಿಗೂ ಮ್ಯಾನ್-ಟು-ಮ್ಯಾನ್ ಆಡಿದ ಸರದಿಗಳಿಗೂ ಬೇರೆ ಬೇರೆ ಲೆಕ್ಕ ಇಟ್ಟರೆ ಯಾವುದು ಕೆಲಸ ಮಾಡುತ್ತಿದೆ ಎಂಬ ವಾದಕ್ಕೆ ಜಾಗವೇ ಉಳಿಯುವುದಿಲ್ಲ.

ಹೆಜ್ಜೆ 3: ಮೊದಲು ಹಿಂದಕ್ಕೆ ಓಡಿ ಬನ್ನಿ

ನೋಟ್‌ಬುಕ್ ತೆರೆದರೆ ಹೆಚ್ಚಿನ ಕಾಲೇಜು ತಂಡಗಳಿಗೆ ಆಶ್ಚರ್ಯ ಕಾದಿರುತ್ತದೆ. ಡಿಫೆನ್ಸ್ ನಿಂತ ಮೇಲೆ ಬಿಟ್ಟುಕೊಟ್ಟ ಪಾಯಿಂಟಿಗಿಂತ ಡಿಫೆನ್ಸ್ ನಿಲ್ಲುವ ಮೊದಲೇ ಹೋದ ಪಾಯಿಂಟು ದೊಡ್ಡದಾಗಿ ಕಾಣುತ್ತದೆ. ಝೋನ್ ಆಡುವ ತಂಡಕ್ಕೆ ಈ ರೋಗ ಜಾಸ್ತಿ, ಏಕೆಂದರೆ ಪ್ರತಿಯೊಬ್ಬರೂ ತಮ್ಮ ಜಾಗ ಹುಡುಕಿಕೊಂಡು ಹೋಗುತ್ತಾರೆ, ಚೆಂಡನ್ನು ಯಾರೂ ನಿಲ್ಲಿಸುವುದಿಲ್ಲ.

ನಿಯಮ ಸರಳವಾಗಿರಲಿ. ನಮ್ಮ ಶಾಟ್ ಕೈಬಿಟ್ಟ ಕ್ಷಣ, ಹೊರಗಡೆ ಚೆಂಡು ನಡೆಸುವ ಇಬ್ಬರು ಗಾರ್ಡ್‌ಗಳು ಹಿಂದಕ್ಕೆ ಹೊರಡಬೇಕು, ಉಳಿದ ಮೂವರು ರಿಬೌಂಡಿಗೆ ಹೋಗಬೇಕು. ಹಿಂದೆ ಬಂದವರಲ್ಲಿ ಒಬ್ಬರು ರಿಂಗ್ ಕಾಯಲಿ, ಇನ್ನೊಬ್ಬರು ಅರ್ಧ ಗೆರೆ ದಾಟುವಷ್ಟರಲ್ಲಿ ಚೆಂಡು ಹಿಡಿದವರ ಎದುರಿಗೆ ಬರಲಿ. ಬಾಕಿ ಮೂವರು ಮೊದಲ ನಾಲ್ಕೈದು ಹೆಜ್ಜೆ ತಲೆ ತಗ್ಗಿಸಿ ಪೂರಾ ವೇಗದಲ್ಲಿ ಓಡಿ, ಆಮೇಲೆ ತಿರುಗಿ ಚೆಂಡು ನೋಡಲಿ. ಮೊದಲು ರಿಂಗು, ಆಮೇಲೆ ಚೆಂಡು, ಕೊನೆಗೆ ನಿಮ್ಮ ಆಟಗಾರ: ಇದೇ ಕ್ರಮ.

ಅಭ್ಯಾಸ ಹೀಗಿರಲಿ: ಬೇಸ್‌ಲೈನಿನಲ್ಲಿ ಐವರು ದಾಳಿಗೆ, ಅವರಿಗೆ ಎದುರಾಗಿ ಫ್ರೀಥ್ರೋ ಗೆರೆಯ ಮಟ್ಟದಲ್ಲಿ ಐವರು ಡಿಫೆನ್ಸಿಗೆ. ತರಬೇತಿ ಕೊಡುವವರು ದಾಳಿಯ ಒಬ್ಬರಿಗೆ ಚೆಂಡೆಸೆದು ಡಿಫೆನ್ಸಿನ ಒಬ್ಬರ ಹೆಸರು ಕೂಗುತ್ತಾರೆ. ಹೆಸರು ಬಂದವರು ಬೇಸ್‌ಲೈನ್ ಮುಟ್ಟಿಯೇ ಹಿಂದಕ್ಕೆ ಓಡಬೇಕು. ಅಷ್ಟು ಹೊತ್ತು ನಾಲ್ವರು ಐವರನ್ನು ತಡೆಯಬೇಕು. ಮಾತಾಡದೆ ಇದನ್ನು ಆಡಲು ಆಗುವುದೇ ಇಲ್ಲ. ಹಾಗಾಗಿಯೇ ಇದು ನನಗೆ ಅಚ್ಚುಮೆಚ್ಚಿನ ಅಭ್ಯಾಸ.

ಹೆಜ್ಜೆ 4: ಚೆಂಡಿನ ಎದುರು ಒಬ್ಬರು

ಪಾದಗಳು ಭುಜಕ್ಕಿಂತ ತುಸು ಅಗಲ, ಭಾರ ಪಾದದ ಮುಂಭಾಗದಲ್ಲಿ, ಸೊಂಟ ಕೆಳಗೆ, ಎದುರಾಳಿ ಒಂದು ಕೈಯಳತೆಯ ದೂರದಲ್ಲಿ. ಪಕ್ಕಕ್ಕೆ ಸರಿಯುವಾಗ ಎರಡು ಪಾದ ಒಂದಕ್ಕೊಂದು ತಾಗಬಾರದು. ಕಣ್ಣು ಚೆಂಡಿನ ಮೇಲಿದ್ದರೆ ಮೋಸ ಹೋಗುತ್ತೀರಿ, ಎದುರಾಳಿಯ ಹೊಟ್ಟೆಯ ಮೇಲಿರಲಿ. ಚೆಂಡು ಕಸಿಯಲು ಕೈ ಚಾಚುವ ಚಟವನ್ನು ಮೊದಲ ವಾರವೇ ಬಿಡಿಸಿ. ಅದಕ್ಕೆ ಎರಡೂ ಕೈಯಲ್ಲಿ ಟವೆಲ್ ಹಿಡಿದು ಕಾಲಿನಿಂದಲೇ ತಡೆಯುವ ಅಭ್ಯಾಸ ಚೆನ್ನಾಗಿ ಕೆಲಸ ಮಾಡುತ್ತದೆ.

ಇದಕ್ಕಿಂತ ಕಷ್ಟದ್ದು ಕ್ಲೋಸ್‌ಔಟ್, ಅಂದರೆ ಒಳಗೆ ನಿಂತವರು ಹೊರಗಿನ ಶೂಟರ್ ಕಡೆ ಓಡುವುದು. ದೂರದ ಮೂರನೇ ಎರಡರಷ್ಟನ್ನು ಪೂರಾ ವೇಗದಲ್ಲಿ ಓಡಿ, ಕೊನೆಯ ಭಾಗದಲ್ಲಿ ಸಣ್ಣ ಸಣ್ಣ ಹೆಜ್ಜೆ ಇಟ್ಟು ಒಂದು ಕೈ ಎತ್ತಿ ನಿಲ್ಲಬೇಕು. ಹಾರಿದರೆ ಅವರು ಪಕ್ಕದಿಂದ ಒಳಗೆ ಹೋಗುತ್ತಾರೆ, ತಡವಾದರೆ ಶಾಟ್ ಹೋಗುತ್ತದೆ. ದಿನಕ್ಕೆ ಹತ್ತು ನಿಮಿಷ ಇದಕ್ಕೇ ಮೀಸಲಿಡಿ. ಝೋನ್ ಉಳಿಯುವುದೂ ಕೊನೆಗೆ ಇದರ ಮೇಲೆಯೇ.

ಹೆಜ್ಜೆ 5: ನಾಲ್ವರಿಗೆ ನಾಲ್ವರು

ನಾಲ್ವರ ದಾಳಿಯನ್ನು ನಾಲ್ವರು ತಡೆಯುವ ಶೆಲ್ ಅಭ್ಯಾಸ ಬಿಟ್ಟು ಡಿಫೆನ್ಸ್ ಕಟ್ಟಲು ಹೋಗಬೇಡಿ. ಮೇಲೆ ಇಬ್ಬರು, ಎಡಬಲದ ಪಕ್ಕಗಳಲ್ಲಿ, ಅಂದರೆ ಎರಡು ವಿಂಗ್‌ನಲ್ಲಿ, ಇಬ್ಬರು ದಾಳಿಗೆ ನಿಲ್ಲಲಿ. ಮೊದಲು ಅವರು ಪಾಸ್ ಮಾತ್ರ ಕೊಡಲಿ, ಪ್ರತಿ ಪಾಸಿನ ನಂತರ ಎರಡು ಸೆಕೆಂಡ್ ನಿಲ್ಲಿಸಿ ಎಲ್ಲರ ಜಾಗ ನೋಡಿ. ಚೆಂಡಿನ ಎದುರಿರುವವರು ಕೈಯಳತೆಯಲ್ಲಿ. ಒಂದು ಪಾಸಿನ ದೂರದಲ್ಲಿರುವವರು ಪಾಸಿನ ದಾರಿಗೆ ಕೈ ಚಾಚಿ, ಚೆಂಡಿನ ಕಡೆಗೆ ಒಂದು ಹೆಜ್ಜೆ. ಎರಡು ಪಾಸಿನ ದೂರದಲ್ಲಿರುವವರು ರಿಂಗಿನಿಂದ ರಿಂಗಿಗೆ ಎಳೆದಂತಿರುವ ನಡುಗೆರೆಯ ಮೇಲೆ ಒಂದು ಕಾಲಿಟ್ಟು, ಒಂದು ಕೈ ಚೆಂಡಿನ ಕಡೆ, ಇನ್ನೊಂದು ತಮ್ಮ ಆಟಗಾರನ ಕಡೆ ತೋರಿಸುತ್ತ.

ನಿಜವಾದ ಪಾಠ ಇರುವುದು ಸರಿಯುವ ಸಮಯದಲ್ಲಿ. ಚೆಂಡು ಗಾಳಿಯಲ್ಲಿರುವಾಗಲೇ ನಾಲ್ವರೂ ಸರಿದಿರಬೇಕು, ಕೈಗೆ ಸಿಕ್ಕ ಮೇಲೆ ಸರಿದರೆ ತಡ.

ಮುಂದಿನ ಹಂತದಲ್ಲಿ ವಿಂಗ್‌ನವರು ಬೇಸ್‌ಲೈನ್ ಕಡೆಯಿಂದ ಒಳನುಗ್ಗಲಿ. ಎದುರು ವಿಂಗ್‌ನ ಡಿಫೆಂಡರ್ ಪೇಂಟ್ ದಾಟಿ ಬಂದು ಅವರನ್ನು ಪೇಂಟಿನ ಹೊರಗೇ ನಿಲ್ಲಿಸಬೇಕು. ಆಗ ಅವರು ಬಿಟ್ಟು ಬಂದ ಆಟಗಾರ ಖಾಲಿ. ಅದೇ ಕಡೆಯ ಮೇಲಿನ ಗಾರ್ಡ್ ಕೆಳಗಿಳಿದು ಅವನನ್ನು ಹಿಡಿಯಬೇಕು. ಮೊದಲ ಹೆಲ್ಪ್ ಎಲ್ಲರೂ ಕೊಡುತ್ತಾರೆ. ಹೆಲ್ಪ್‌ಗೆ ಹೋದವರ ಜಾಗ ತುಂಬುವ ಈ ಎರಡನೆಯವರು ಇಲ್ಲದೆ ಪಂದ್ಯಗಳು ಕೈಬಿಟ್ಟು ಹೋಗುತ್ತವೆ.

ಕೂಗುವ ಮಾತುಗಳನ್ನು ಮೊದಲೇ ನಿಗದಿ ಮಾಡಿ, ಎಲ್ಲರೂ ಅದನ್ನೇ ಬಳಸಲಿ. “ಬಾಲ್ ನಂದು”, “ಹೆಲ್ಪ್ ಇದೀನಿ”, “ಸ್ಕ್ರೀನ್ ಎಡಕ್ಕೆ”, “ಹಿಂದೆ ಒಬ್ಬ ಬಂದ”. ನಾಚಿಕೊಂಡು ಬಾಯಿಬಿಡದ ಹೊಸ ಹುಡುಗರನ್ನು ಶೆಲ್‌ನಲ್ಲಿ ಹಿಂಬದಿಗೆ ನಿಲ್ಲಿಸಿ. ಇಡೀ ಅಂಕಣ ಕಾಣುವುದು ಅವರಿಗೇ, ಮಾತಾಡದೆ ಗತಿಯಿಲ್ಲ.

ಹೆಜ್ಜೆ 6: ಸ್ಕ್ರೀನಿಗೆ ಒಂದೇ ಉತ್ತರ

ಸ್ಕ್ರೀನ್ ಅಂದರೆ ಎದುರು ತಂಡದ ಒಬ್ಬರು ನಮ್ಮ ಡಿಫೆಂಡರ್ ದಾರಿಗೆ ಅಡ್ಡ ನಿಲ್ಲುವುದು. ಚೆಂಡಿನವರಿಗೆ ಸ್ಕ್ರೀನ್ ಬಂದಾಗ ಮೂರು ದಾರಿಗಳಿವೆ: ಸ್ಕ್ರೀನಿನ ಮೇಲಿನಿಂದ ನುಸುಳಿ ಹೋಗುವುದು, ಕೆಳಗಿನಿಂದ ಹೋಗುವುದು, ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದು. ಎದುರಾಳಿ ಹೊರಗಿನಿಂದ ಹೊಡೆಯುವವನಾದರೆ ಮೇಲಿನಿಂದ, ಇಲ್ಲವಾದರೆ ಕೆಳಗಿನಿಂದ. ಅದಲುಬದಲು ಸುಲಭವಾಗಿ ಕಾಣುತ್ತದೆ, ಆದರೆ ನಿಮ್ಮ ಗಿಡ್ಡ ಗಾರ್ಡ್ ಅವರ ಸೆಂಟರ್ ಎದುರು ರಿಂಗಿನ ಕೆಳಗೆ ಸಿಕ್ಕಿಬೀಳುತ್ತಾನೆ. ಎತ್ತರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ ತಂಡಕ್ಕೆ ಮಾತ್ರ ಅದು ಸರಿ. ಸಮಯ ಕಡಿಮೆ ಇರುವ ಕಾಲೇಜು ತಂಡ ಒಂದು ದಾರಿಯನ್ನು ಚೆನ್ನಾಗಿ ಕಲಿತರೆ ಸಾಕು.

ಹೆಜ್ಜೆ 7: ಈಗ ಝೋನ್, ಅದರ ತೂತುಗಳ ಸಮೇತ

2-3 ಝೋನ್‌ಗೆ ಮೂರು ದೊಡ್ಡ ತೂತುಗಳಿವೆ. ಎದುರಾಳಿ ಅವನ್ನು ಹುಡುಕುವ ಮೊದಲು ನಿಮ್ಮ ಐವರಿಗೂ ಅವು ಬಾಯಿಪಾಠವಾಗಿರಬೇಕು.

ಮೊದಲನೆಯದು ಹೈ ಪೋಸ್ಟ್. ಇಬ್ಬರು ಗಾರ್ಡ್‌ಗಳ ಹಿಂದೆ, ಸೆಂಟರ್ ಮುಂದೆ, ಫ್ರೀಥ್ರೋ ಗೆರೆಯ ನಟ್ಟನಡುವೆ ಚೆಂಡು ಬಂತೆಂದರೆ ಅಲ್ಲಿಂದ ಎಲ್ಲ ದಿಕ್ಕಿಗೂ ಪಾಸ್ ತೆರೆದಿರುತ್ತದೆ. ಇದನ್ನು ಮುಚ್ಚಲು ಗಾರ್ಡ್‌ಗಳು ಎಂದೂ ಒಟ್ಟಿಗೆ ಚೆಂಡಿನ ಮೇಲೆ ಹೋಗಬಾರದು. ಒಬ್ಬರು ಚೆಂಡಿಗೆ, ಇನ್ನೊಬ್ಬರು ಹೈ ಪೋಸ್ಟ್‌ಗೆ ಅಡ್ಡ. ಆದರೂ ಪಾಸ್ ಒಳಗೆ ಬಂದರೆ ಸೆಂಟರ್ ಮುಂದೆ ಹೆಜ್ಜೆಯಿಟ್ಟು ಕೈ ಎತ್ತಬೇಕು, ಕೆಳಗಿನ ಇಬ್ಬರು ರಿಂಗಿನ ಹತ್ತಿರ ಕೂಡಿಕೊಳ್ಳಬೇಕು.

ಎರಡನೆಯದು ಮೂಲೆ. ಪೇಂಟಿನ ಅಂಚಿನಿಂದ ಮೂಲೆಯ ಮೂರು ಪಾಯಿಂಟಿನ ಗೆರೆಗೆ ಸುಮಾರು 4 ಮೀಟರ್. ಮನುಷ್ಯನಿಗಿಂತ ಪಾಸ್ ವೇಗವಾಗಿ ಹೋಗುತ್ತದೆ. ಆದ್ದರಿಂದ ಕೆಳಗಿನ ಪಕ್ಕದವರು ಚೆಂಡು ವಿಂಗ್‌ಗೆ ಹೋದಾಗಲೇ ಒಂದು ಹೆಜ್ಜೆ ಹೊರಗಿರಬೇಕು. ಹಾಗಂತ ವಿಂಗ್‌ನವರ ಮೇಲೆ ಅವರೇ ಉಳಿದುಬಿಟ್ಟರೆ ಮೂಲೆ ಪೂರ್ತಿ ಖಾಲಿ. ಗಾರ್ಡ್ ಬಂದು “ನಂದು” ಎಂದು ಕೂಗಿದ ಕೂಡಲೇ ಅವರು ಕೆಳಗೆ ಇಳಿಯಬೇಕು. ವಿಂಗ್ ಯಾರದು ಎಂಬ ಈ ಒಂದು ಗೊಂದಲದಿಂದಲೇ ನಮ್ಮ ಕಡೆಯ ಝೋನ್‌ಗಳು ಹೆಚ್ಚಾಗಿ ಒಡೆಯುವುದು. ಚೆಂಡು ಮೂಲೆಗೇ ಹೋದಾಗ ಸೆಂಟರ್ ಚೆಂಡಿನ ಕಡೆಯ ಲೋ ಪೋಸ್ಟ್‌ಗೆ (ರಿಂಗಿನ ಪಕ್ಕದ ಜಾಗಕ್ಕೆ), ಎದುರು ಪಕ್ಕದವರು ರಿಂಗಿನ ನಡುವಿಗೆ.

ಈ ಮೂಲೆಯ ಬೆಲೆ ಎಷ್ಟೆಂದು ತಿಳಿಯಲು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ 2003ರ ಫೈನಲ್ ನೋಡಬೇಕು. ಜಿಮ್ ಬೇಹೈಮ್ ತರಬೇತಿಯ ಸಿರಕ್ಯೂಸ್ ತಂಡದ ಗುರುತೇ 2-3 ಝೋನ್ ಆಗಿತ್ತು. ಕೊನೆಯ ಕ್ಷಣಗಳಲ್ಲಿ ಕ್ಯಾನ್ಸಸ್ ತಂಡದ ಮೈಕೆಲ್ ಲೀ ಮೂಲೆಯಿಂದ ಸಮಬಲದ ಮೂರು ಪಾಯಿಂಟಿಗೆ ಎದ್ದರು. ಒಳಗಿನಿಂದ ಓಡಿಬಂದ ಹಕೀಮ್ ವಾರಿಕ್ ಆ ಶಾಟನ್ನು ಬ್ಲಾಕ್ ಮಾಡಿದರು. ಸಿರಕ್ಯೂಸ್ 81-78ರಿಂದ ಚಾಂಪಿಯನ್ ಆಯಿತು. ಅಷ್ಟು ಉದ್ದದ ಕೈ ನಮ್ಮ ಹುಡುಗರಿಗಿಲ್ಲ. ನಾವು ಒಂದು ಹೆಜ್ಜೆ ಮೊದಲೇ ಹೊರಡಬೇಕು.

ಮೂರನೆಯದು ರಿಬೌಂಡ್. ಮ್ಯಾನ್-ಟು-ಮ್ಯಾನ್‌ನಲ್ಲಿ ಯಾರನ್ನು ಬಾಕ್ಸ್‌ಔಟ್ ಮಾಡಬೇಕೆಂದು (ಬೆನ್ನು ಕೊಟ್ಟು ರಿಂಗಿನಿಂದ ದೂರ ತಡೆಯಬೇಕೆಂದು) ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ. ಝೋನ್‌ನಲ್ಲಿ ಶಾಟ್ ಹೋದ ಮೇಲೆ ಎಲ್ಲರೂ ಚೆಂಡು ನೋಡುತ್ತಾರೆ, ಎದುರಾಳಿ ಅವರ ನಡುವೆ ನಡೆದುಕೊಂಡು ಬರುತ್ತಾನೆ. ಶಾಟ್ ಎದ್ದ ಕೂಡಲೇ ತಮ್ಮ ಜಾಗದಲ್ಲಿರುವ ಹತ್ತಿರದ ಎದುರಾಳಿಯನ್ನು ಹುಡುಕಿ, ಬೆನ್ನಿನಿಂದ ತಾಗಿ, ಆಮೇಲೆ ಚೆಂಡಿಗೆ ಹೋಗಬೇಕು. ಕೆಳಗಿನ ಮೂವರು ರಿಂಗಿನ ಸುತ್ತ ತ್ರಿಕೋನ, ಗಾರ್ಡ್‌ಗಳಲ್ಲಿ ಒಬ್ಬರು ಫ್ರೀಥ್ರೋ ಗೆರೆಯಲ್ಲಿ ಉದ್ದದ ರಿಬೌಂಡಿಗೆ. ಹೊರಗಿನ ಶಾಟ್ ಮಿಸ್ ಆದರೆ ಚೆಂಡು ದೂರಕ್ಕೆ ಪುಟಿಯುತ್ತದೆ ಎಂಬುದನ್ನು ಗಾರ್ಡ್‌ಗಳು ಮರೆಯುತ್ತಾರೆ. 24 ಸೆಕೆಂಡ್ ಒಳ್ಳೆಯ ಡಿಫೆನ್ಸ್ ಆಡಿ ರಿಬೌಂಡ್ ಬಿಟ್ಟರೆ ಎದುರಾಳಿಗೆ ಮತ್ತೆ 14 ಸೆಕೆಂಡ್ ಸಿಗುತ್ತದೆ, ಆ ಹೊತ್ತಿಗೆ ನಿಮ್ಮವರ ಉಸಿರು ಹೋಗಿರುತ್ತದೆ.

ಮ್ಯಾನ್-ಟು-ಮ್ಯಾನ್‌ಗೆ ತೂತಿಲ್ಲ ಎಂದೇನೂ ಅಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಹಿಂದಿನ ತರಬೇತುದಾರ ಟೋನಿ ಬೆನೆಟ್ ಆಡಿಸಿದ ಪ್ಯಾಕ್ ಲೈನ್ ಡಿಫೆನ್ಸ್ ಅವರ ತಂದೆ ಡಿಕ್ ಬೆನೆಟ್ ರೂಪಿಸಿದ್ದು. ಅದು ಮ್ಯಾನ್-ಟು-ಮ್ಯಾನ್ ಆದರೂ ಚೆಂಡಿನ ಎದುರಿರುವವರನ್ನು ಬಿಟ್ಟು ಉಳಿದ ನಾಲ್ವರು ಒಳಗೆ ಸರಿದು ನುಗ್ಗುವ ದಾರಿ ಮುಚ್ಚುತ್ತಾರೆ. 2018ರ ಎನ್‌ಸಿಎಎ (ಅಮೆರಿಕದ ಕಾಲೇಜು ತಂಡಗಳ) ಟೂರ್ನಿಯಲ್ಲಿ ಅಗ್ರ ಶ್ರೇಯಾಂಕದ ಆ ತಂಡವನ್ನು 16ನೇ ಶ್ರೇಯಾಂಕದ ಯುಎಂಬಿಸಿ (ಮೇರಿಲ್ಯಾಂಡ್‌ನ ಒಂದು ವಿಶ್ವವಿದ್ಯಾಲಯದ ತಂಡ) 74-54ರಿಂದ ಸೋಲಿಸಿತು. ವಿರಾಮಕ್ಕೆ 21-21 ಇತ್ತು. ಎರಡನೇ ಅರ್ಧದಲ್ಲಿ ಹೊರಗಿನ ಶಾಟ್ ಬೀಳತೊಡಗಿತು, ಹಿಂದೆ ಬಿದ್ದ ತಂಡ ಹೊರಗೆ ಓಡಿಬರಬೇಕಾಯಿತು, ಆಗ ಒಳಗಿನ ದಾರಿಯೂ ತೆರೆಯಿತು. ಮರುವರ್ಷ ಅದೇ ತರಬೇತುದಾರರ ಕೈಕೆಳಗೆ, ಅದೇ ಡಿಫೆನ್ಸಿನಲ್ಲಿ ವರ್ಜೀನಿಯಾ ಚಾಂಪಿಯನ್ ಆಯಿತು. ಪದ್ಧತಿ ಬಿಸಾಡಬೇಕಾಗಿಲ್ಲ. ಅದು ಯಾವ ಶಾಟನ್ನು ಎದುರಾಳಿಗೆ ಬಿಟ್ಟುಕೊಡುತ್ತದೆ ಎಂಬುದು ಗೊತ್ತಿರಬೇಕು, ಆ ಶಾಟ್ ಬೀಳತೊಡಗಿದ ದಿನ ಏನು ಮಾಡಬೇಕೆಂಬುದು ಮೊದಲೇ ತೀರ್ಮಾನವಾಗಿರಬೇಕು.

ಹೆಜ್ಜೆ 8: ಫೌಲಿನ ಲೆಕ್ಕ

10 ನಿಮಿಷದ ಪ್ರತಿ ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲಿನಿಂದ ಎದುರಾಳಿಗೆ ಎರಡು ಫ್ರೀಥ್ರೋ. ಎರಡರಲ್ಲಿ ಒಂದೇ ಹಾಕುವ ತಂಡಕ್ಕೂ ಆ ಸರದಿಯಲ್ಲಿ ಒಂದು ಪಾಯಿಂಟ್ ಸಿಕ್ಕಿತು. ಮೇಲಿನ ಉದಾಹರಣೆಯಲ್ಲಿ ಆಡಿಸಿಯೇ ಬಿಟ್ಟಿದ್ದರೆ ಸಿಗುತ್ತಿದ್ದದ್ದು 0.84. ಅಂದರೆ ಸುಮ್ಮನೆ ಕೈ ಹಾಕಿದ ಫೌಲು ನಿಮ್ಮ ಒಳ್ಳೆಯ ಡಿಫೆನ್ಸಿಗಿಂತ ದುಬಾರಿ. ಅರ್ಧ ಗೆರೆಯ ಹತ್ತಿರ, ಎದುರಾಳಿಗೆ ಯಾವ ಅಪಾಯವೂ ಇಲ್ಲದ ಕಡೆ ಮಾಡುವ ಫೌಲನ್ನು ನೋಟ್‌ಬುಕ್ಕಿನಲ್ಲಿ ಬೇರೆಯಾಗಿ ಗುರುತಿಸಿ, ಪಂದ್ಯ ಮುಗಿದ ಮೇಲೆ ಅದರ ಬಗ್ಗೆ ಮಾತಾಡಿ.

ಸೆಂಟರ್‌ಗೆ ನೇರ ಮೇಲಕ್ಕೆ ಎದ್ದು ಕೈ ಎತ್ತುವುದನ್ನು ಕಲಿಸಿ, ಮುಂದಕ್ಕೆ ಬಾಗಿದರೆ ಫೌಲು. ಐದು ಫೌಲಾದರೆ ಆಟಗಾರ ಹೊರಗೆ. ಮೊದಲ ಅರ್ಧದಲ್ಲೇ ಮೂರು ಫೌಲಾದ ಸೆಂಟರ್‌ನನ್ನು ಸ್ವಲ್ಪ ಹೊತ್ತು ಝೋನ್‌ನ ನಡುವೆ ಇಟ್ಟು ಕಾಪಾಡುವುದು ಝೋನ್‌ನ ಒಳ್ಳೆಯ ಬಳಕೆ.

ಹೆಜ್ಜೆ 9: ವಾರದ ಅಭ್ಯಾಸ ಮತ್ತು ಪಂದ್ಯದ ದಿನ

ಬೆಳಿಗ್ಗೆ 6ಕ್ಕೆ ಸಿಗುವ ಒಂದೂವರೆ ಗಂಟೆಯಲ್ಲಿ ಅರ್ಧದಷ್ಟು ಡಿಫೆನ್ಸಿಗೆ ಕೊಡಿ. ಬಿಸಿಲು ಏರುವ ಮೊದಲು ಕಾಲಿನ ಕೆಲಸ, ಕ್ಲೋಸ್‌ಔಟ್, ಶೆಲ್, ನಂತರ ಪೂರ್ತಿ ಅಂಕಣದ ಓಟ. ವಾರದ ಮೊದಲ ಮೂರು ದಿನ ಮ್ಯಾನ್-ಟು-ಮ್ಯಾನ್ ಮಾತ್ರ, ಆಮೇಲೆ ಎರಡು ದಿನ ಝೋನ್. ಇಂಟರ್ನಲ್ ಪರೀಕ್ಷೆಯ ವಾರದಲ್ಲಿ ಜನ ಬರದಿದ್ದರೆ ಬಂದ ನಾಲ್ಕೈದು ಮಂದಿಯಲ್ಲೇ ಒಬ್ಬರಿಗೊಬ್ಬರ ಆಟ, ಕ್ಲೋಸ್‌ಔಟ್ ಮಾಡಿಸಿ, ಅವಕ್ಕೆ ಹತ್ತು ಜನ ಬೇಕಿಲ್ಲ.

ಪಂದ್ಯದ ದಿನ ಎದುರಾಳಿಯ ವಾರ್ಮಪ್ ನೋಡಿ. ಯಾರು ಹೊರಗಿನಿಂದ ಸತತವಾಗಿ ಹಾಕುತ್ತಾರೆ, ಯಾರು ಎಡಗೈ ಡ್ರಿಬಲ್ ಮಾಡುವುದೇ ಇಲ್ಲ ಎಂಬುದು ಅಲ್ಲೇ ತಿಳಿಯುತ್ತದೆ. ಬಯಲು ಅಂಕಣವಾದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಯಾವ ಅರ್ಧದಲ್ಲಿ ಬಿಸಿಲು ಯಾರ ಕಣ್ಣಿಗೆ ಬೀಳುತ್ತದೆ ಎಂದೂ ಗಮನಿಸಿ. ಮ್ಯಾನ್-ಟು-ಮ್ಯಾನ್‌ನಲ್ಲಿ ಶುರುಮಾಡಿ, ಟೈಮ್‌ಔಟ್‌ನ ನಂತರ ಝೋನ್‌ಗೆ ಬದಲಿಸಿ. ಎದುರಾಳಿ ಈಗಷ್ಟೇ ಬರೆದುಕೊಂಡ ಆಟ ಆಗ ಕೆಲಸಕ್ಕೆ ಬರುವುದಿಲ್ಲ. ಮೊದಲ ಅರ್ಧದಲ್ಲಿ ಎರಡು, ಎರಡನೇ ಅರ್ಧದಲ್ಲಿ ಮೂರು ಟೈಮ್‌ಔಟ್ ಸಿಗುತ್ತವೆ. ಝೋನ್‌ನ ವಿರುದ್ಧ ಸತತ ಎರಡು ಹೊರಗಿನ ಶಾಟ್ ಬಿದ್ದರೆ ಮೂರನೆಯದಕ್ಕೆ ಕಾಯದೆ ಬದಲಿಸಿ, ಅದಕ್ಕೆ ನಾಯಕರ ಒಂದು ಕೈಸನ್ನೆ ಸಾಕು.

ವಿರಾಮದಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಲು ಬಿಡಬೇಡಿ. ನೋಟ್‌ಬುಕ್ ಹಿಡಿದವರು ಮೊದಲು ಎದ್ದು ಎದುರಾಳಿಯ ಪಾಯಿಂಟ್ ಹೆಚ್ಚು ಬಂದ ಒಂದು ದಾರಿಯನ್ನು ಮಾತ್ರ ಓದಿ ಹೇಳಲಿ. ಮೂರನೇ ಕ್ವಾರ್ಟರ್‌ನಲ್ಲಿ ತಂಡ ಮುಚ್ಚಬೇಕಾದ್ದು ಅದೊಂದನ್ನೇ.